ಸದುದ್ದೇಶದೊಳಗೆ ಯಾರ ಪಾಲು?



ಕಳೆದ ತಿಂಗಳು ನನ್ನ ಕಪಾಟಿನ ಹಳೆಯ ಕಾಗದಗಳನ್ನು ಒಪ್ಪಗೊಳಿಸುತ್ತಿದ್ದಾಗ ಮಾಸಿದ ಕೆಲವು ಪುಸ್ತಿಕೆಗಳು ಕೈಗೆ ಸಿಕ್ಕಿದವು. ಹಿಂದೊಮ್ಮೆ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರದ ಕುಟುಂಬವೊಂದರ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಅಲ್ಲಿಯ ಪೌರನೂ ಆಗಿದ್ದಾನೆ. 2008ರಲ್ಲಿ ಊರಿಗೆ ಬಂದಿದ್ದಾಗ ಅವನೇ ಇವನ್ನು ಕೊಟ್ಟು ಹೋಗಿದ್ದ. "ಸ್ವಾಮಿ, ಇಷ್ಟನ್ನೂ ಓದಿ ನಾನು ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕಾಗಿತ್ತು. ಯಾವುದು ಸರಿ ಎಂದು ಕೊನೆಗೂ ತಿಳಿಯಲಿಲ್ಲ" ಎಂದಿದ್ದ. ಅಂದು ನಾನು ನಕ್ಕು ಸುಮ್ಮನಾಗಿದ್ದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ, ನಿಮ್ಮೆದುರಿಗೆ, ಬರೆಯಲು ಪ್ರಯತ್ನಿಸುತ್ತಿದ್ದೇನೆ. ಆ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬರುತ್ತದೆ ಎಂಬುದೇ ಇದಕ್ಕೆ ಕಾರಣ.

ಕ್ಯಾಲಿಫೋರ್ನಿಯಾದಲ್ಲಿ ಜನರು ಪ್ರತಿನಿಧಿಗಳನ್ನು ಆರಿಸುವುದಷ್ಟೇ ಅಲ್ಲ, ಕಾನೂನುಗಳ ಮೇಲೂ ನೇರವಾಗಿ ಮತ ಹಾಕುತ್ತಾರೆ. ಸಾಕಷ್ಟು ಮತದಾರರ ಸಹಿ ಸಂಗ್ರಹಿಸಿದವರು ಹೊಸ ಕಾನೂನನ್ನು ಜನರ ಮುಂದಿಡಬಹುದು; ಶಾಸಕಾಂಗ ಈಗಾಗಲೇ ಒಪ್ಪಿದ ಕಾನೂನನ್ನು ಜನಮತಕ್ಕೆ ಎಳೆಯಲೂಬಹುದು. ಚುನಾವಣೆಗೆ ಮೊದಲು ಸರ್ಕಾರವು ಮತದಾರರ ಮನೆಗಳಿಗೆ ಅಂಚೆಯಲ್ಲಿ ಪುಸ್ತಿಕೆ ಕಳುಹಿಸುತ್ತದೆ. ಪ್ರಸ್ತಾವದ ಸಾರಾಂಶ, ಅದರಿಂದ ಬೊಕ್ಕಸದ ಮೇಲಾಗುವ ಪರಿಣಾಮದ ಕುರಿತು ಪಕ್ಷಾತೀತ ವಿಶ್ಲೇಷಣೆ, ಪರವಾದ ವಾದ, ವಿರುದ್ಧವಾದ ವಾದ, ಎರಡಕ್ಕೂ ಪ್ರತ್ಯುತ್ತರ, ಕಡೆಯಲ್ಲಿ ಕಾನೂನಿನ ಪೂರ್ಣಪಾಠ ಇವೆಲ್ಲವೂ ಅದರಲ್ಲಿರುತ್ತವೆ. ಇಬ್ಬರಿಗೂ ಸಮಾನ ಸ್ಥಳ ನೀಡುವ ಈ ಪದ್ಧತಿ ಮೆಚ್ಚತಕ್ಕದ್ದು. ಆದರೆ ವಾದಗಳು ಎಷ್ಟೇ ಸಮತೋಲನದಿಂದಿರಲಿ, ವಾದಿಸುವವನ ಪಾಲು ಎಲ್ಲಿದೆ ಎಂಬುದನ್ನು ಓದುಗನೇ ಹುಡುಕಿಕೊಳ್ಳಬೇಕು.

2008ರ ಫೆಬ್ರವರಿ 5ರಂದು ಅಲ್ಲಿಯ ಜನರ ಮುಂದಿದ್ದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. 93ನೆಯ ಪ್ರಸ್ತಾವ ಶಾಸಕರ ಅಧಿಕಾರಾವಧಿಗೆ ಸಂಬಂಧಿಸಿದುದು. 94ರಿಂದ 97ರವರೆಗಿನ ನಾಲ್ಕು, ನಾಲ್ಕು ಮೂಲನಿವಾಸಿ ಬುಡಕಟ್ಟುಗಳು ತಮ್ಮ ಕ್ಯಾಸಿನೊಗಳಲ್ಲಿ ಇಡಬಹುದಾದ ಜೂಜುಯಂತ್ರಗಳಿಗೆ ಸಂಬಂಧಿಸಿದವು.

ಮೊದಲನೆಯದರ ಹಿನ್ನೆಲೆ ಹೀಗಿದೆ. ಕ್ಯಾಲಿಫೋರ್ನಿಯಾದ ಜನರು 1990ರಲ್ಲಿ ಅಲ್ಪ ಬಹುಮತದಿಂದ ಒಂದು ಮಿತಿಯನ್ನು ಹಾಕಿಕೊಂಡಿದ್ದರು. ಅದರಂತೆ ಒಬ್ಬ ವ್ಯಕ್ತಿ ತನ್ನ ಜೀವಮಾನದಲ್ಲಿ ಕೆಳಮನೆಯಾದ ಅಸೆಂಬ್ಲಿಯಲ್ಲಿ 6 ವರ್ಷ, ಮೇಲ್ಮನೆಯಾದ ಸೆನೆಟ್‌ನಲ್ಲಿ 8 ವರ್ಷ, ಒಟ್ಟು 14 ವರ್ಷ ಮಾತ್ರ ಇರಬಹುದು. 1980ರಿಂದ ಅಸೆಂಬ್ಲಿಯ ಸಭಾಧ್ಯಕ್ಷರಾಗಿದ್ದ ವಿಲ್ಲಿ ಬ್ರೌನ್ ಅವರಂಥ ಪ್ರಬಲ ನಾಯಕರ ಹಿಡಿತವನ್ನು ಸಡಿಲಿಸುವುದು ಅಂದಿನ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ 6 ವರ್ಷದಲ್ಲಿ ಒಬ್ಬ ಶಾಸಕ ಕೆಲಸ ಕಲಿಯುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ವರ್ಗಾವಣೆಯ ಪತ್ರ ಪಡೆಯುವ ನಮ್ಮಂಥ ಗುರುಗಳಿಗೆ ಇದರ ಅನುಭವವಿದೆ: ಮನೆಮನೆಯ ಕಷ್ಟ ಅರ್ಥವಾಗತೊಡಗಿದಾಗಲೇ ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಶಾಸಕರು ಹೋಗುತ್ತಾರೆ, ಅಧಿಕಾರಿಗಳೂ ಹಣವಂತರ ವಕೀಲಿ ಮಾಡುವವರೂ ಉಳಿಯುತ್ತಾರೆ. ಒಟ್ಟು ಅವಧಿಯನ್ನು 12 ವರ್ಷಕ್ಕೆ ಇಳಿಸಿ, ಅಷ್ಟನ್ನೂ ಒಂದೇ ಸದನದಲ್ಲಿ ಕಳೆಯಲು ಬಿಡೋಣ ಎಂದು 93ನೆಯ ಪ್ರಸ್ತಾವ ಹೇಳಿತು. ವಿಚಾರ ಸಮಂಜಸವಾದುದೇ.

ಹಾಗಾದರೆ ತೊಡಕು ಎಲ್ಲಿತ್ತು? ಸಾರಾಂಶದ ಮೊದಲ ಮಾತು 14 ವರ್ಷ 12ಕ್ಕೆ ಇಳಿಯುತ್ತದೆ ಎಂಬುದಾಗಿತ್ತು. ಅದರ ನಂತರ ಇನ್ನೊಂದು ಅಂಶ ಬರುತ್ತಿತ್ತು: ಈಗ ಅಧಿಕಾರದಲ್ಲಿರುವವರು ಹಿಂದೆ ಇನ್ನೊಂದು ಸದನದಲ್ಲಿ ಎಷ್ಟೇ ಕಾಲ ಇದ್ದಿರಲಿ, ಈಗಿರುವ ಸದನದಲ್ಲಿ ಪೂರ್ತಿ 12 ವರ್ಷ ಕಳೆಯಬಹುದು. ಅಂದರೆ ಅಸೆಂಬ್ಲಿಯಲ್ಲಿ 6 ವರ್ಷ ಮುಗಿಸಿ ಸೆನೆಟ್‌ಗೆ ಹೋದವರಿಗೆ ಒಟ್ಟು 18 ವರ್ಷ ಸಿಗಬಹುದಿತ್ತು. ಆ ವರ್ಷವೇ ಅವಧಿ ಮುಗಿಯಲಿದ್ದ ಅಸೆಂಬ್ಲಿಯ ಸಭಾಧ್ಯಕ್ಷ ಫೇಬಿಯನ್ ನೂನ್ಯೆಜ್ ಮತ್ತು ಸೆನೆಟ್‌ನ ನಾಯಕ ಡಾನ್ ಪೆರಾಟಾ ಇಬ್ಬರಿಗೂ ಮತ್ತೆ ಸ್ಪರ್ಧಿಸುವ ಬಾಗಿಲು ತೆರೆಯುತ್ತಿತ್ತು. ಫೆಬ್ರವರಿಯಲ್ಲಿ ಪ್ರಸ್ತಾವ ಗೆದ್ದರೆ ಜೂನ್ ತಿಂಗಳ ಪ್ರಾಥಮಿಕ ಚುನಾವಣೆಯ ಹೊತ್ತಿಗೆ ಅವರು ಕಣದಲ್ಲಿರಬಹುದಿತ್ತು. ಜನರು ಇದನ್ನು ಗ್ರಹಿಸಿದರು. ನೂರಕ್ಕೆ ಸುಮಾರು 54 ಮಂದಿ 'ಇಲ್ಲ' ಎಂದರು.

ಆ 'ಇಲ್ಲ' ಯಾವುದಕ್ಕೆ ಸಂದದ್ದು? ನಾಲ್ಕು ವರ್ಷಗಳ ನಂತರ ಉತ್ತರ ಸಿಕ್ಕಿತು. 2012ರ ಜೂನ್‌ನಲ್ಲಿ 28ನೆಯ ಪ್ರಸ್ತಾವ ಬಂದಿತು. ಅದೇ 12 ವರ್ಷ, ಅದೇ ಒಂದೇ ಸದನದ ಸೌಲಭ್ಯ. ಆದರೆ ಅಂದು ಅಧಿಕಾರದಲ್ಲಿದ್ದವರಿಗೆ ಅದು ಅನ್ವಯಿಸುವುದಿಲ್ಲ, ಮುಂದೆ ಮೊದಲ ಬಾರಿ ಆಯ್ಕೆಯಾಗುವವರಿಗೆ ಮಾತ್ರ. ನೂರಕ್ಕೆ 61 ಮಂದಿ 'ಹೌದು' ಎಂದರು. ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ನನಗೆ ಕಾಣುವುದು ಇಷ್ಟು: ಸುಧಾರಣೆ ಕೆಟ್ಟದ್ದಾಗಿರಲಿಲ್ಲ, ಸುಧಾರಕನ ಪಾಲು ಅದರೊಳಗೆ ಸೇರಿಕೊಂಡದ್ದು ಅದನ್ನು ಕೆಡಿಸಿತ್ತು.

ಈಗ ಜೂಜಿನ ವಿಷಯಕ್ಕೆ ಬರೋಣ. ಇಲ್ಲಿ ತೀರ್ಪು ಕೊಡುವುದು ಅಷ್ಟು ಸುಲಭವಲ್ಲ. ಅದರಲ್ಲೂ ಕಥೋಲಿಕ ಗುರುವೊಬ್ಬನು ತುಸು ತಲೆ ತಗ್ಗಿಸಿಯೇ ಮಾತನಾಡಬೇಕಾಗುತ್ತದೆ.

1769ರಿಂದ 1823ರವರೆಗೆ ಸ್ಪೇನ್ ಮೂಲದ ಫ್ರಾನ್ಸಿಸ್ಕನ್ ಗುರುಗಳು ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ 21 ಮಿಶನ್‌ಗಳನ್ನು ಸ್ಥಾಪಿಸಿದರು. ಮೂಲನಿವಾಸಿಗಳನ್ನು ಪ್ರೀತಿಯಿಂದ ಕಂಡ ಗುರುಗಳು ಅವರಲ್ಲಿದ್ದರು. ಆದರೆ ದೀಕ್ಷಾಸ್ನಾನ ಪಡೆದವರು ಮಿಶನ್ ಬಿಟ್ಟು ಹೋಗುವಂತಿರಲಿಲ್ಲ, ಓಡಿಹೋದವರನ್ನು ಹಿಡಿದು ತಂದು ಛಡಿಯೇಟು ಕೊಡಲಾಗುತ್ತಿತ್ತು, ಹೊಸ ರೋಗಗಳಿಂದ ಅಪಾರ ಸಂಖ್ಯೆಯ ಜನರು ಸತ್ತರು ಎಂಬುದೂ ಇತಿಹಾಸ. ಈ ಮಿಶನ್‌ಗಳಿಗೆ ಅಡಿಪಾಯ ಹಾಕಿದ ಹುನಿಪೆರೊ ಸೆರಾ ಅವರನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತಪದವಿಗೆ ಏರಿಸಿದಾಗ ಮೂಲನಿವಾಸಿಗಳಲ್ಲಿ ಅನೇಕರು ನೊಂದು ವಿರೋಧಿಸಿದರು. ಮುಂದೆ ಅಮೆರಿಕನ್ನರ ಆಳ್ವಿಕೆ ಬಂದಿತು. 1851 ಮತ್ತು 1852ರಲ್ಲಿ ಈ ಬುಡಕಟ್ಟುಗಳೊಡನೆ 18 ಒಪ್ಪಂದಗಳನ್ನು ಮಾಡಿಕೊಂಡು ಭೂಮಿ ಕೊಡುವ ಮಾತು ಕೊಡಲಾಯಿತು. ವಾಷಿಂಗ್ಟನ್ನಿನ ಸೆನೆಟ್ ಅವನ್ನು ಅನುಮೋದಿಸಲಿಲ್ಲ. 1905ರವರೆಗೆ ಆ ಪತ್ರಗಳನ್ನು ಗುಪ್ತವಾಗಿ ಇಟ್ಟಿತು. ಭೂಮಿ ಹೋಯಿತು, ಕೊಟ್ಟ ಮಾತೂ ಹೋಯಿತು.

ಹೀಗೆ ಎಲ್ಲವನ್ನೂ ಕಳೆದುಕೊಂಡವರ ಕೈಗೆ ಜೂಜು ಬಂದ ಬಗೆಯನ್ನು ಗಮನಿಸಿರಿ. ಕ್ಯಾಲಿಫೋರ್ನಿಯಾದ ಕಾನೂನು ಧರ್ಮಾರ್ಥ ಸಂಸ್ಥೆಗಳಿಗೆ ಬಿಂಗೊ ಆಡಿಸಲು ಅನುಮತಿ ಕೊಟ್ಟಿತ್ತು. ಬಿಂಗೊ ಎಂದರೆ ನಮ್ಮ ಹೌಸಿಯೇ. 1984ರಲ್ಲಿ ಶಾಲೆಗಳ ಹೆಸರಿನಲ್ಲಿ ರಾಜ್ಯದ್ದೇ ಲಾಟರಿಗೂ ಜನರು ಒಪ್ಪಿಗೆ ಕೊಟ್ಟರು. ಕಬಜಾನ್ ಎಂಬ ಕೇವಲ 25 ಸದಸ್ಯರ ಬುಡಕಟ್ಟು ಮತ್ತು ಮೊರಾಂಗೊ ಬುಡಕಟ್ಟು ತಮ್ಮ ನೆಲದಲ್ಲಿ ಬಿಂಗೊ ಆಡಿಸಿದಾಗ ಅಧಿಕಾರಿಗಳು ತಡೆಯಹೊರಟರು. ಜೂಜಿಗೆ ತಾನೇ ಅನುಮತಿ ಕೊಟ್ಟು ಪ್ರೋತ್ಸಾಹಿಸುವ ರಾಜ್ಯವು ತನ್ನ ಜೂಜಿನ ನಿಯಮಗಳನ್ನು ಬುಡಕಟ್ಟಿನ ನೆಲದ ಮೇಲೆ ಹೇರಲಾರದು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯಲ್ಲಿ ಆ ಬುಡಕಟ್ಟುಗಳ ಅಧಿಕೃತ ಹೆಸರಿನಲ್ಲೇ 'ಮಿಶನ್ ಇಂಡಿಯನ್ನರು' ಎಂಬ ಮಾತಿತ್ತು. ನಮ್ಮ ಧರ್ಮಸಭೆಯ ನೆರಳು ಅವರ ಹೆಸರಿನ ಮೇಲೂ ಇತ್ತು!

ಮರುವರ್ಷ ಕೇಂದ್ರದ ಕಾನೂನು ಬಂದಿತು. 2000ದಲ್ಲಿ ರಾಜ್ಯದ ಜನರು ಬುಡಕಟ್ಟುಗಳ ಕ್ಯಾಸಿನೊಗಳಿಗೆ ದೊಡ್ಡ ಬಹುಮತದಿಂದ ಸಮ್ಮತಿಸಿದರು. ಒಂದು ಬುಡಕಟ್ಟಿಗೆ ಹೆಚ್ಚೆಂದರೆ 2,000 ಯಂತ್ರಗಳು ಎಂಬ ಮಿತಿ ಇತ್ತು. ನಾಲ್ಕು ಬುಡಕಟ್ಟುಗಳಿಗೆ ಮಾತ್ರ ಅದನ್ನು ಏರಿಸುವುದೇ 2008ರ ಪ್ರಶ್ನೆ: ಪೆಚಾಂಗಾ ಮತ್ತು ಮೊರಾಂಗೊಗೆ 7,500ರವರೆಗೆ, ಸಿಕ್ವಾನ್ ಮತ್ತು ಅಗುವಾ ಕಾಲಿಯೆಂಟೆಗೆ 5,000ದವರೆಗೆ. ಒಟ್ಟು 17,000 ಹೊಸ ಯಂತ್ರಗಳು. ಪ್ರತಿಯಾಗಿ ರಾಜ್ಯದ ಬೊಕ್ಕಸಕ್ಕೆ 2030ರವರೆಗೆ ಪಾಲು.

ಪುಸ್ತಿಕೆಯ 'ಹೌದು' ವಾದ ಬುಡಕಟ್ಟುಗಳ ಸ್ವಾವಲಂಬನೆ, ಉದ್ಯೋಗ, ರಾಜ್ಯದ ಆದಾಯಗಳನ್ನು ಮುಂದಿಟ್ಟಿತು. 'ಇಲ್ಲ' ವಾದ, ನಾಲ್ಕು ಶ್ರೀಮಂತ ಬುಡಕಟ್ಟುಗಳಿಗಷ್ಟೇ ಲಾಭ, ಉಳಿದವರಿಗೂ ಕಾರ್ಮಿಕರಿಗೂ ಅನ್ಯಾಯ ಎಂದಿತು. ಆದರೆ ಆ ವಿರೋಧಕ್ಕೆ ಹಣ ಸುರಿದವರಲ್ಲಿ ಕುದುರೆ ಪಂದ್ಯದ ಮೈದಾನದ ಒಡೆಯರು ಮತ್ತು ಸ್ವಂತ ಕ್ಯಾಸಿನೊ ಇದ್ದ ಬೇರೆರಡು ಬುಡಕಟ್ಟುಗಳೂ ಇದ್ದರು. ಎರಡೂ ಕಡೆ ಸೇರಿ ಖರ್ಚಾದದ್ದು 10 ಕೋಟಿ ಡಾಲರ್‌ಗೂ ಹೆಚ್ಚು. ನನಗೆ ಎದ್ದು ಕಾಣುವ ಕೊರತೆ ಇದು: ಯಂತ್ರದ ಮುಂದೆ ಕುಳಿತು ಸೋಲುವ ಮನುಷ್ಯ ಯಾವ ವಾದದ ಕೇಂದ್ರದಲ್ಲಿಯೂ ಇರಲಿಲ್ಲ. ರಾಜ್ಯದ ಪಾಲು, ಬುಡಕಟ್ಟಿನ ಪಾಲು, ಕಾರ್ಮಿಕರ ಪಾಲು ಎಲ್ಲವನ್ನೂ ಲೆಕ್ಕ ಹಾಕಲಾಯಿತು. ಅಷ್ಟೂ ಪಾಲುಗಳು ಯಾರ ಜೇಬಿನಿಂದ ಬರುತ್ತವೆ ಎಂದು ಕೇಳುವವರಿರಲಿಲ್ಲ. ಹಾಕಿದ ಹಣಕ್ಕಿಂತ ಕಡಿಮೆ ಹಣವನ್ನೇ ಕಾಲಾಂತರದಲ್ಲಿ ಹಿಂತಿರುಗಿಸುವಂತೆ ಆ ಯಂತ್ರವನ್ನು ರೂಪಿಸಿರುತ್ತಾರೆ. ಸೋಲುವವನಿಲ್ಲದೆ ಅದರಲ್ಲಿ ಲಾಭವೇ ಇಲ್ಲ.

ನಾಲ್ಕೂ ಪ್ರಸ್ತಾವಗಳು ನೂರಕ್ಕೆ ಸುಮಾರು 55 ಮತಗಳಿಂದ ಗೆದ್ದವು. ನಾನು ಆ ಮತದಾರನಾಗಿದ್ದರೆ? ಬುಡಕಟ್ಟುಗಳಿಗೆ ತಮ್ಮ ನೆಲವನ್ನು ತಾವೇ ಆಳುವ ಹಕ್ಕಿದೆ. ಅವರಿಗೆ ಸಲ್ಲಬೇಕಾದ ಋಣ ದೊಡ್ಡದು, ಅದರಲ್ಲಿ ನಮ್ಮ ಧರ್ಮಸಭೆಯ ಭಾಗವೂ ಇದೆ. ಕ್ಯಾಸಿನೊಗಳ ಹಣದಿಂದ ಆಸ್ಪತ್ರೆ, ಶಾಲೆಗಳಾದದ್ದೂ ಸತ್ಯ. ಆದರೂ ನಾನು 'ಇಲ್ಲ' ಎಂದೇ ಗುರುತು ಹಾಕುತ್ತಿದ್ದೆನೆಂದು ತೋರುತ್ತದೆ. ಒಂದು ಸಮಾಜ ತಾನು ಮಾಡಿದ ಅನ್ಯಾಯದ ಋಣವನ್ನು ತನ್ನ ಬೊಕ್ಕಸದಿಂದ ತೀರಿಸಬೇಕೇ ಹೊರತು, ಜೂಜಿನ ಚಟಕ್ಕೆ ಬಿದ್ದವನ ಕೂಲಿಯಿಂದಲ್ಲ. ಜೂಜು ತನ್ನಷ್ಟಕ್ಕೆ ಅನ್ಯಾಯವಲ್ಲ, ಆದರೆ ತನ್ನ ಅಥವಾ ಪರರ ಅಗತ್ಯಕ್ಕೆ ಬೇಕಾದುದನ್ನು ಕಸಿದುಕೊಂಡಾಗ ಅದು ಒಪ್ಪತಕ್ಕದ್ದಲ್ಲ ಎಂದು ಧರ್ಮಸಭೆಯ ಉಪದೇಶ ಹೇಳುತ್ತದೆ. 17,000 ಯಂತ್ರಗಳು ಆ ಗೆರೆಯನ್ನು ನೋಡಿಕೊಂಡು ನಿಲ್ಲುವುದಿಲ್ಲ.

2022ರಲ್ಲಿ ಇದೇ ಮತದಾರರ ಮುಂದೆ ಆನ್‌ಲೈನ್ ಕ್ರೀಡಾಬೆಟ್ಟಿಂಗ್‌ನ 27ನೆಯ ಪ್ರಸ್ತಾವ ಬಂದಿತು. ಬಂದ ಹಣದಲ್ಲಿ ನಿರ್ವಸಿತರಿಗೆ ನೆರವು ಎಂಬ ಭರವಸೆ ಅದರಲ್ಲಿತ್ತು. ನೂರಕ್ಕೆ ಸುಮಾರು 82 ಮಂದಿ ಅದನ್ನು ತಳ್ಳಿಹಾಕಿದರು. ಬಡವರ ಹೆಸರಿನ ಹಿಂದೆ ಬೆಟ್ಟಿಂಗ್ ಕಂಪನಿಗಳ ಪಾಲು ಅವರಿಗೆ ಕಂಡಿರಬೇಕು.

ಓದುಗರೇ, ದೂರದೇಶದ ತಪ್ಪುಗಳನ್ನು ಎಣಿಸಿ ಲೇಖನಿ ಕೆಳಗಿಡುವುದು ಸುಲಭ. ಆದರೆ ಧರ್ಮಾರ್ಥದ ಬಿಂಗೊ ಎಂದು ಬರೆದಾಗಲೇ ನನ್ನ ಕೈ ತಡೆಯಿತು. ವರ್ಷಗಳ ಹಿಂದೆ, ಒಂದು ಸಭಾಂಗಣ ಕಟ್ಟಿಸಲು ನಾನು ಅದೃಷ್ಟ ಚೀಟಿಗಳನ್ನು ಅಚ್ಚುಹಾಕಿಸಿದ್ದೆ. ಧರ್ಮೋಪದೇಶಕ್ಕೆ ಬರುತ್ತಿದ್ದ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಹಂಚಿದ್ದೆ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ತಾಯಿಯೊಬ್ಬಳು ಹಬ್ಬದ ಹಿಂದಿನ ದಿನ ಬಂದು ಪೂರ್ತಿ ಹಣ ಎಣಿಸಿಕೊಟ್ಟಳು. ಎಲ್ಲ ಚೀಟಿಗಳೂ ಮಾರಾಟವಾದವೇ ಎಂದು ನಾನು ಸಂತೋಷದಿಂದ ಕೇಳಿದೆ. "ಇಲ್ಲ ಸ್ವಾಮಿ, ಹಿಂದಿರುಗಿಸಲು ಮಗುವಿಗೆ ನಾಚಿಕೆ. ನಾನೇ ತೆಗೆದುಕೊಂಡೆ" ಎಂದಳು. ಆ ವಾರ ಅವರ ಮನೆಯಲ್ಲಿ ಏನು ಬೆಂದಿತೋ ನಾನು ವಿಚಾರಿಸಲಿಲ್ಲ. ಸಭಾಂಗಣ ಇಂದಿಗೂ ನಿಂತಿದೆ. ಉದ್ದೇಶ ಒಳ್ಳೆಯದೇ ಆಗಿತ್ತು. ಲೆಕ್ಕದ ಪುಸ್ತಕದಲ್ಲಿ ಆ ತಾಯಿ ಮಾತ್ರ ಇರಲಿಲ್ಲ.

ಆದುದರಿಂದ ಎರಡು ಸಣ್ಣ ವಿನಂತಿಗಳು. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಾಗಲಿ, ಸಂಘಗಳಲ್ಲಾಗಲಿ ಅವಧಿಯ ನಿಯಮ ಬದಲಿಸುವ ಸಂದರ್ಭ ಬಂದರೆ, ಅದು ಇಂದಿನ ಪದಾಧಿಕಾರಿಗಳಿಗೆ ಅನ್ವಯಿಸದಂತೆ ಬರೆಯಿರಿ. ಒಳ್ಳೆಯ ನಿಯಮವಾಗಿದ್ದರೆ ಮುಂದಿನವರಿಗೂ ಒಳ್ಳೆಯದೇ. ಹಬ್ಬದ ಹೌಸಿ, ಅದೃಷ್ಟ ಚೀಟಿಗಳನ್ನು ಯೋಜಿಸುವಾಗ, ಮಕ್ಕಳ ಕೈಗೆ ಪುಸ್ತಕ ಕೊಡುವ ಮೊದಲು, ಅದನ್ನು ಹಿಂದಿರುಗಿಸಲಾಗದ ಮನೆ ಯಾವುದೆಂದು ಯೋಚಿಸಿರಿ.

ಕ್ಯಾಲಿಫೋರ್ನಿಯಾದ ನನ್ನ ಗೆಳೆಯನಿಗೆ ಈಗ ಹೀಗೆ ಬರೆಯುತ್ತೇನೆ: ಹೌದು, ಇಲ್ಲ ಎನ್ನುವ ಮೊದಲು ಎರಡು ಪ್ರಶ್ನೆ ಕೇಳು. ಇದನ್ನು ಬರೆದವನ ಪಾಲು ಎಲ್ಲಿದೆ? ಇದಕ್ಕೆ ಹಣ ಕೊಡುವವನ ಹೆಸರು ಇದರಲ್ಲಿದೆಯೇ? ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಗುರುತು ಹಾಕು.