ನೊಣದ ಗಡಿಯಾರ, ನಮ್ಮ ನಿದ್ರೆ

ಬೆಳಗಿನ ಮೊದಲ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನ ಹುಡುಗ ತೂಕಡಿಸಿದರೆ ನಾವು ಮೇಷ್ಟರುಗಳು ಕೊಡುವ ವಿವರಣೆ ಒಂದೇ: ಸೋಮಾರಿ. ಈಚೆಗೆ ಇನ್ನೊಂದು ವಿವರಣೆ ಸೇರಿಕೊಂಡಿದೆ. “ಸಾರ್, ಅದು ನನ್ನ ಜೀನ್” ಎಂದು ಹುಡುಗನೇ ಹೇಳುತ್ತಾನೆ. ಈ ಎರಡನೆಯ ಉತ್ತರ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಜೊನಾಥನ್ ವೀನರ್ ಅವರ ‘ಟೈಮ್, ಲವ್, ಮೆಮೊರಿ’ ಎಂಬ ಇಂಗ್ಲಿಷ್ ಪುಸ್ತಕವನ್ನು ನೀವು ಓದಬೇಕು. ಅದು ಪ್ರಕಟವಾದದ್ದು 1999ರಲ್ಲಿ. ಆ ಬಳಿಕ ನಡೆದ ಸಂಶೋಧನೆಗಳ ಬೆಳಕಿನಲ್ಲಿ ಅದನ್ನು ಮತ್ತೆ ಓದಿದಾಗ ಮೆಚ್ಚುಗೆಯೂ ತಕರಾರೂ ಎರಡೂ ಹುಟ್ಟಿದವು.

ಪುಸ್ತಕದ ನಾಯಕ ಸೆಮೋರ್ ಬೆಂಜರ್. ಅರೆವಾಹಕಗಳ ಮೇಲೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಜೀವವಿಜ್ಞಾನಕ್ಕೆ ವಲಸೆ ಹೋದ ಕಥೆ ಇದು. (ನಮ್ಮ ವಿಭಾಗದವರು ಹೆಮ್ಮೆಪಡಲು ಅಡ್ಡಿಯಿಲ್ಲ.) ಅವರ ವಿದ್ಯಾರ್ಥಿ ರೊನಾಲ್ಡ್ ಕೊನಾಪ್ಕ ಕೇಳಿದ ಪ್ರಶ್ನೆ ಸರಳ. ಹಣ್ಣುನೊಣಗಳು ಕೋಶದಿಂದ ಹೊರಬರುವುದು ಸಾಮಾನ್ಯವಾಗಿ ಮುಂಜಾನೆ. ಕತ್ತಲಲ್ಲಿಟ್ಟರೂ ಆ ಲಯ ಮುಂದುವರಿಯುತ್ತದೆ. ಹಾಗಾದರೆ ಹೊತ್ತು ತಪ್ಪಿ ಹೊರಬರುವ ನೊಣದಲ್ಲಿ ಕೆಟ್ಟಿರುವುದೇನು? 1971ರಲ್ಲಿ ಇಬ್ಬರೂ ಪ್ರಕಟಿಸಿದ ಉತ್ತರ ಬೆರಗು ಹುಟ್ಟಿಸುವಂಥದು. ಒಂದು ಉತ್ಪರಿವರ್ತಿತ ನೊಣದ ದಿನ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಲಯವೇ ಇಲ್ಲ. ಮೂರರ ದೋಷವೂ ಎಕ್ಸ್ ಕ್ರೋಮೊಸೋಮಿನ ಒಂದೇ ಜಾಗದಲ್ಲಿ! ಇನ್ನೊಬ್ಬ ಭೌತವಿಜ್ಞಾನಿ-ವಲಸಿಗ ಮ್ಯಾಕ್ಸ್ ಡೆಲ್‌ಬ್ರುಕ್ ಇದನ್ನು ನಂಬಲೇ ಇಲ್ಲವಂತೆ. ಪ್ರಯೋಗಾಲಯದ ಈ ದಿನಗಳನ್ನು ವೀನರ್ ಕಟ್ಟಿಕೊಡುವ ರೀತಿಗೆ ಪೂರ್ಣ ಅಂಕ ಕೊಡಬಹುದು.

ನನ್ನ ಮೊದಲ ತಕರಾರು ಸಣ್ಣದು. ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆದರೆ ನೊಣದ ಗಡಿಯಾರದ ಆವರ್ತಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆಂದೋಲಕಗಳನ್ನು ಪಾಠಮಾಡುವ ನಮಗೆ ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ ಬೇರೆ ಯಾವುದಿದೆ? ಇದಕ್ಕೆ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು.

ದೊಡ್ಡ ತಕರಾರು ಬೇರೆ. ಪುಸ್ತಕ ಮುಚ್ಚಿದಾಗ ‘ಒಂದು ಜೀನ್, ಒಂದು ನಡವಳಿಕೆ’ ಎಂಬ ಚಿತ್ರ ಓದುಗನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ಪೂರಾ ಸುಳ್ಳಲ್ಲ. 2001ರಲ್ಲಿ ಅಮೆರಿಕದ ಯೂಟಾದ ಒಂದು ಕುಟುಂಬದಲ್ಲಿ ಪತ್ತೆಯಾದದ್ದು ಅಂಥದೇ. ಆ ಮನೆಯ ಹಲವರು ಉಳಿದವರಿಗಿಂತ ಸುಮಾರು 4 ಗಂಟೆ ಮುಂಚೆ ಮಲಗಿ, ಅಷ್ಟೇ ಮುಂಚೆ ಏಳುತ್ತಿದ್ದರು. ಕಾರಣ, ನೊಣದ ಜೀನ್‌ನ ಬಳಗಕ್ಕೇ ಸೇರಿದ ಪರ್-2 ಜೀನ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆ. ಆದರೆ ಇಂಥವರು ವಿರಳ. 2019ರಲ್ಲಿ ಸುಮಾರು 7 ಲಕ್ಷ ಜನರ ಜೀನೋಮನ್ನು ಪರಿಶೀಲಿಸಿದಾಗ ಬೇಗ ಏಳುವ ಸ್ವಭಾವಕ್ಕೆ ಸಂಬಂಧಿಸಿದ 351 ತಾಣಗಳು ಸಿಕ್ಕವು. ಆ ಬಗೆಯ ರೂಪಗಳು ಅತಿ ಹೆಚ್ಚಾಗಿರುವ ಶೇ. 5 ಮಂದಿಗೂ ಅತಿ ಕಡಿಮೆಯಿರುವ ಶೇ. 5 ಮಂದಿಗೂ ನಿದ್ರೆಯ ವೇಳೆಯಲ್ಲಿದ್ದ ಸರಾಸರಿ ಅಂತರವೆಷ್ಟು ಗೊತ್ತೆ? 25 ನಿಮಿಷ! ಯಂತ್ರ ಹೇಗೆ ಓಡುತ್ತದೆಂದು ತಿಳಿಯಲು ಕೆಟ್ಟ ಗಡಿಯಾರವನ್ನು ಬಿಚ್ಚುವುದು ಸರಿಯಾದ ಮಾರ್ಗ. ಆದರೆ ನಮ್ಮ ಹಿಂದಿನ ಬೆಂಚಿನ ಹುಡುಗ ಕೆಟ್ಟ ಗಡಿಯಾರವಲ್ಲ. ಹರೆಯದಲ್ಲಿ ಎಲ್ಲರ ಗಡಿಯಾರವೂ ಒಂದಿಷ್ಟು ಹಿಂದೆ ಬೀಳುತ್ತದೆ, ರಾತ್ರಿಯ ಬೆಳಕು ಅದನ್ನು ಇನ್ನಷ್ಟು ತಳ್ಳುತ್ತದೆ. ಶಾಲೆಗಳು ಬೆಳಗ್ಗೆ 8.30ಕ್ಕಿಂತ ಮುಂಚೆ ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಸಲಹೆಯಿತ್ತದ್ದು ಇದೇ ಕಾರಣಕ್ಕೆ. ಬೆಳಗಿನ ಜಾವ ಟ್ಯೂಷನ್ ನಡೆಸುವವರು ಇದನ್ನು ಗಮನಿಸಿದಂತಿಲ್ಲ.

ಒಂದೇ ಜೀನ್ ಕೆಡಿಸದೆಯೂ ಗಡಿಯಾರವನ್ನು ಅಭ್ಯಸಿಸಬಹುದು ಎಂಬುದಕ್ಕೆ ಸಾಕ್ಷಿ ಬೆಂಗಳೂರಿನ ಜಕ್ಕೂರಿನಲ್ಲಿಯೇ ಇದೆ. ಅಲ್ಲಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡ ಮುಂಜಾನೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವವನ್ನೂ ಪ್ರತ್ಯೇಕವಾಗಿ ಹತ್ತಾರು ತಲೆಮಾರು ಆರಿಸಿ ಸಾಕಿತು. ಮೊದಲ ಗುಂಪಿನ ಆವರ್ತಕಾಲ ಕುಗ್ಗಿತು, ಎರಡನೆಯದರದು ಹಿಗ್ಗಿತು. ಈ ಬಗೆಯ ಕಥೆಗೆ ಒಬ್ಬ ನಾಯಕನೂ ಇಲ್ಲ, ಒಂದು ಜೀನೂ ಇಲ್ಲ. ಬರೆಯುವುದು ಕಷ್ಟವೇ.

2017ರ ನೊಬೆಲ್ ಈ ಗಡಿಯಾರದ ಒಳಗನ್ನು ಬಿಡಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ ಸಂದಿತು. ಅಷ್ಟರಲ್ಲಿ ಬೆಂಜರ್ ಮತ್ತು ಕೊನಾಪ್ಕ ಇಬ್ಬರೂ ತೀರಿಕೊಂಡಿದ್ದರು. ವೀನರ್ ಅವರ ಇಂಗ್ಲಿಷ್ ಸರಳವಾಗಿದೆ, ಪದವಿ ವಿದ್ಯಾರ್ಥಿಗಳು ಧಾರಾಳವಾಗಿ ಓದಬಲ್ಲರು. ಪಿಯುಸಿಯವರಿಗೆ ಕೊನಾಪ್ಕರ ಭಾಗವನ್ನು ನೀವೇ ಓದಿ ಹೇಳಿ, ಮೊದಲ ಪಿರಿಯಡ್‌ನಲ್ಲಿ ಬೇಡ.