ಬಣ್ಣದ ಹಿಂದಿನ ಮುರಕಲ್ಲು

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿಗೆ ಬರುವವರು ಬಾಗಿಲು ದಾಟಿದ ಕೂಡಲೇ ಕತ್ತು ಮೇಲೆತ್ತುತ್ತಾರೆ. ಜೊತೆಗಿದ್ದವರು ಯಾರಾದರೂ ರೋಮಿನ ಸಿಸ್ಟೀನ್ ಚಾಪೆಲಿನ ಹೆಸರು ತೆಗೆಯುತ್ತಾರೆ. ಹೊಗಳಿಕೆಯೇನೋ ಹೌದು, ಆದರೆ ಈ ಹೋಲಿಕೆಯಿಂದ ಕಟ್ಟಡವನ್ನು ನೋಡುವ ಕಣ್ಣೇ ಕುರುಡಾಗಿದೆ. ಇದು ಪೋಪರ ಅರಮನೆಯ ಭಾಗವಲ್ಲ. ಕರಾವಳಿಯ ಒಂದು ಶಾಲೆ ತನ್ನ ಹುಡುಗರಿಗೆ ಕಟ್ಟಿಕೊಂಡ ಪ್ರಾರ್ಥನೆಯ ಕೋಣೆ.

ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಗೆ. 1880ರಲ್ಲಿ ಕೊಡಿಯಾಲ್‌ಬೈಲಿನ ಒಂದು ಮನೆಯಲ್ಲಿ ಪಾಠ ಶುರುವಾಯಿತು. ಗುಡ್ಡದ ಮೇಲಿನ ಜಾಗವನ್ನು ಲಾರೆನ್ಸ್ ಲೋಬೊ ಪ್ರಭು ಕೊಟ್ಟರು. 1885ರಲ್ಲಿ ತರಗತಿಗಳು ಅಲ್ಲಿಗೆ ಹತ್ತಿದವು. ಚಾಪೆಲು ಕಟ್ಟಿದ್ದೂ ಆ ಹೊತ್ತಿನಲ್ಲೇ. ಚಿತ್ರಗಳು ಬಂದದ್ದು ಅದಾಗಿ ಹದಿನೈದು ವರ್ಷಕ್ಕೆ. ಅಷ್ಟು ಕಾಲ ಖಾಲಿ ಗೋಡೆಗಳ ನಡುವೆಯೇ ಹುಡುಗರು ಮೊಣಕಾಲೂರಿದ್ದರು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಬೆರ್ಗಮೊ ಬಳಿಯ ಸ್ಟೆಜ್ಜಾನೊ ಊರಿನ ಅಂತೋನಿಯೊ ಮೊಸ್ಕೆನಿ ಜೆಸ್ವಿಟ್ ಬ್ರದರ್. 1899ರಿಂದ 1901ರ ನಡುವೆ ಇಡೀ ಒಳಾಂಗಣವನ್ನು ತುಂಬಿದ. ಗೋಡೆಗಳ ಮೇಲೆ ಫ್ರೆಸ್ಕೊ: ಹಸಿ ಸುಣ್ಣದ ಗಾರೆ ಒಣಗುವ ಮುಂಚೆಯೇ ಬಣ್ಣ ಹಾಕಬೇಕು, ಆಮೇಲೆ ಸುಣ್ಣ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಚಾವಣಿಗೆ ಮಾತ್ರ ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ರೋಮಿನಲ್ಲಿ ಮೈಕೆಲಾಂಜೆಲೊಗೆ ಗಾರೆ ಹಿಡಿಸಲು ಗಟ್ಟಿ ಕಮಾನು ಇತ್ತು. ಇಲ್ಲಿರುವುದು ಹಂಚಿನ ಮಾಡು. ಸಿಸ್ಟೀನ್ ಹೋಲಿಕೆ ಕುಸಿಯುವುದು ಇಲ್ಲೇ, ಮತ್ತು ನನಗೆ ಈ ಕಟ್ಟಡ ಕುತೂಹಲ ಹುಟ್ಟಿಸುವುದೂ ಇಲ್ಲಿಂದಲೇ. ಮೇಲೊಂದು ವಿಧಾನ, ಕೆಳಗೊಂದು ವಿಧಾನ. ಊರಿನ ಮಾಡಿಗೆ ಇಟಲಿಯ ಕುಂಚ ತಗ್ಗಿ ನಡೆದಿದೆ.

ಚಿತ್ರಗಳ ಬಗ್ಗೆ ನನಗೆ ಪೂರ್ತಿ ಮೆಚ್ಚುಗೆಯಿಲ್ಲ. ಕಂಬ, ಕಮಾನು, ಅಂಚುಪಟ್ಟಿ, ಯಾವುದನ್ನೂ ಮೊಸ್ಕೆನಿ ಬಿಟ್ಟಿಲ್ಲ. ಕಣ್ಣಿಗೆ ತಂಗುವ ಜಾಗವಿಲ್ಲ. ಮುಖಗಳು, ಉಡುಪು, ಆಕಾಶದ ನೀಲಿ ಎಲ್ಲವೂ ಆಗಿನ ಇಟಲಿಯ ಕಲಾಶಾಲೆಯದು. ನೇತ್ರಾವತಿಯ ಈಚೆ ದಂಡೆಯಲ್ಲಿ ಮೂರು ವರ್ಷ ಬಾಳಿದ ಕಲಾವಿದನ ಚಿತ್ರದೊಳಗೆ ಇಲ್ಲಿಯ ಬೆಳಕು ಹೆಚ್ಚು ಇಳಿದಿಲ್ಲ. ಆದರೆ ಪಾಠವೆಂದು ಓದಿದರೆ ಲೆಕ್ಕ ಬದಲಾಗುತ್ತದೆ. ಚಾವಣಿಯ ನಡುವೆ ಸಂತ ಅಲೋಶಿಯಸ್ ಗೊನ್ಜಾಗನ ಬದುಕು: ಶ್ರೀಮಂತ ಮನೆತನದ ಹುಡುಗ, ಹಕ್ಕು ಬಿಟ್ಟುಕೊಟ್ಟು, ಪ್ಲೇಗಿನ ರೋಗಿಗಳ ಸೇವೆ ಮಾಡುತ್ತ 23ರ ವಯಸ್ಸಿನಲ್ಲೇ ತೀರಿಕೊಂಡವನು. ಹದಿಹರೆಯದವರಿಗೆ ಎಳೆಯ ಪ್ರಾಯದವನ ಕತೆ. ಅಕ್ಷರ ಓದಲಾಗದವನೂ ದೃಶ್ಯದಿಂದ ದೃಶ್ಯಕ್ಕೆ ನಡೆದು ಅದನ್ನು ಬಿಡಿಸಿಕೊಳ್ಳಬಲ್ಲ. ಪಠ್ಯವಾಗಿ ಈ ಕೆಲಸ ಗೆದ್ದಿದೆ, ಕಲೆಯಾಗಿ ಅರ್ಧಕ್ಕೆ ನಿಂತಿದೆ. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ, ಇನ್ನೊಂದು ಇಗರ್ಜಿಯ ಕೆಲಸದ ನಡುವೆ, ತೀರಿಕೊಂಡ.

ಕಟ್ಟಡದ ಜಾಣ್ಮೆ ಇರುವುದು ಯಾರೂ ಫೋಟೊ ತೆಗೆಯದ ಕಡೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನಮ್ಮ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೀರು ಕುಡಿಯುವ ಕಲ್ಲು. ಅದರ ಗೋಡೆ ಬಾಳಬೇಕಾದರೆ ಮಾಡು ಕಡಿದಾಗಿ ಇಳಿಯಬೇಕು, ಇರುಚಲು ತಡೆಯಲು ಜಗಲಿ ಬೇಕು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ಶಾಲೆ, ಕೋರ್ಟು, ಗೋದಾಮುಗಳ ತಲೆಯ ಮೇಲೆಲ್ಲ ಆ ಕೆಂಪು ಹಂಚು ಕೂತಿತು. ಪ್ರೊಟೆಸ್ಟಂಟರು ಸುಟ್ಟ ಹಂಚು ಊರಿನ ಕಥೋಲಿಕ ಮಾಡುಗಳಿಗೂ ಏರಿತು. ವ್ಯಾಪಾರದಲ್ಲಿ ಮತಭೇದ ಯಾರು ನೋಡುತ್ತಾರೆ!

ಹಂಚಿನ ಮಾಡಿಗೆ ಒಂದೇ ಷರತ್ತು: ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಒಡೆದದ್ದು ಬದಲಿಸಬೇಕು, ಪಕ್ಕಾಸು ರೀಪುಗಳಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಒಂದು ಹಂಚು ಜಾರಿದರೆ ಕೆಳಗಿನ ಕ್ಯಾನ್ವಾಸು ಉಬ್ಬುತ್ತದೆ. ತೇವ ತಿಂದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಸರಿಪಡಿಸಿದರು. ಆ ದುರಸ್ತಿಗೆ ಹೊಗಳಿಕೆ ಸಿಕ್ಕಿತು, ಸಿಗಬೇಕಾದದ್ದೇ. ಬಾವುಟಗುಡ್ಡೆಯಲ್ಲಿ ಪ್ರತಿ ಮೇ ತಿಂಗಳು ಮಾಡು ಹತ್ತುವವರ ಕೂಲಿಯನ್ನೂ ಕಲಾಸಂರಕ್ಷಣೆಯ ಖರ್ಚಿನಲ್ಲೇ ಬರೆಯಬೇಕು ಎನ್ನುವುದು ನನ್ನ ವಾದ.