ಮೈಕು ಯಾರ ಕೈಗೆ?

ಚಲನಚಿತ್ರ ಪ್ರಶಸ್ತಿ ಸಮಾರಂಭ ಟೀವಿಯಲ್ಲಿ ಬಂದರೆ ಮನೆಮಂದಿಯೆಲ್ಲ ಯಾರಿಗೆ ಬಂತು, ಯಾರಿಗೆ ತಪ್ಪಿತು ಎಂದು ಕಾಯುತ್ತಾರೆ. ನನ್ನ ಕಣ್ಣು ಮೈಕು ಹಿಡಿದವರ ಮೇಲೆ. ಪ್ರಶಸ್ತಿ ಪಡೆದವರು ವೇದಿಕೆಯ ಮೇಲಿರುವುದು ಒಂದೆರಡು ನಿಮಿಷ, ಕೊಡಲು ಬಂದ ಅತಿಥಿಗಳು ಅದಕ್ಕಿಂತ ತುಸು ಹೆಚ್ಚು. ಮೊದಲಿನಿಂದ ಕೊನೆಯವರೆಗೆ ಅಲ್ಲೇ ನಿಲ್ಲುವವರು ನಿರೂಪಕರು. ಅವರು ಸೋತರೆ ಎಂಥ ದೊಡ್ಡ ಪ್ರಶಸ್ತಿಯೂ ಸಪ್ಪೆ. ಹಾಗಿದ್ದೂ ಅವರನ್ನು ಆರಿಸುವಾಗ ಆಗುವ ಅವಸರ ಕಂಡು ನನಗೆ ಬೇಸರವಾಗುತ್ತದೆ. ಈ ವರ್ಷ ಯಾರ ಸಿನಿಮಾ ಓಡಿತು, ಯಾರ ಮುಖ ಹಾಕಿದರೆ ಪೋಸ್ಟರಿಗೆ ಕಳೆ ಬರುತ್ತದೆ ಎಂಬಲ್ಲಿಗೆ ಲೆಕ್ಕ ಮುಗಿದುಬಿಡುತ್ತದೆ.

ನಿರೂಪಣೆಗೆ ನಟನಟಿಯರೇ ಬರಲಿ ಎನ್ನುವುದಕ್ಕೆ ನನ್ನ ತಕರಾರಿಲ್ಲ. ದನಿ, ನಿಲುವು, ಸಭೆಯ ಎದುರು ಅಳುಕದ ಮನಸ್ಸು ಅವರಿಗೆ ಕಸುಬಿನಿಂದಲೇ ಬಂದಿರುತ್ತದೆ. ಆದರೆ ಎದುರಿನ ಪಾತ್ರ ಮಾತಾಡುವಾಗ ಅದರ ಮುಖ ನೋಡಿಕೊಂಡು, ಕಿವಿಗೊಟ್ಟು ನಿಲ್ಲಬಲ್ಲ ನಟರು ಈ ಕೆಲಸಕ್ಕೆ ಬೇಕು. ಆ ಗುಣ ಪೋಷಕ ಪಾತ್ರ ಮಾಡಿ ಪಳಗಿದವರಲ್ಲಿ ಹೆಚ್ಚು, ನಾಯಕರಲ್ಲಿ ಕಡಿಮೆ. ಇಷ್ಟು ವರ್ಷ ನೋಡಿಕೊಂಡು ಬಂದ ಮೇಲೆ ನಾನು ಮುಟ್ಟಿರುವ ತೀರ್ಮಾನ ಇದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮದು ಮೂಡಲಪಾಯ ಬಯಲಾಟದ ನಾಡು. ಆ ಆಟದಲ್ಲಿ ಸಾರಥಿ ಎಂಬ ಪಾತ್ರವಿದೆ. ಕಿರೀಟ, ಭುಜಕೀರ್ತಿ ಕಟ್ಟಿದ ರಾಜನೋ ರಕ್ಕಸನೋ ರಂಗಕ್ಕೆ ಅಬ್ಬರಿಸಿ ಬಂದು ಕುಣಿದು ನಿಂತಾಗ, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುವವನು ಅವನು. ಅವನು ಕೇಳಿದರೆ ತಾನೆ ರಾಜ ತನ್ನ ಕುಲಗೋತ್ರ, ಬಲಪರಾಕ್ರಮ ಹೇಳಿಕೊಳ್ಳುವುದು! ಸಾರಥಿಗೆ ದೊಡ್ಡ ವೇಷವಿಲ್ಲ, ಕತೆಯಲ್ಲಿ ಅವನಿಗೆ ಗೆಲುವೂ ಇಲ್ಲ ಸೋಲೂ ಇಲ್ಲ. ಆದರೆ ಬಂದ ಪಾತ್ರವನ್ನು ಜನರಿಗೆ ಒಪ್ಪಿಸುವ ಹೊಣೆ ಪೂರ್ತಿ ಅವನದು. ಸರಿಯಾದ ಪ್ರಶ್ನೆ ಸರಿಯಾದ ಹೊತ್ತಿಗೆ ಬೀಳದಿದ್ದರೆ ಎಂಥ ರಾವಣನೂ ಮಂಕಾಗುತ್ತಾನೆ. ಪ್ರಶಸ್ತಿ ಸಮಾರಂಭದ ನಿರೂಪಕರ ಕೆಲಸವೂ ಇಷ್ಟೇ, ಇದಕ್ಕಿಂತ ಹೆಚ್ಚಲ್ಲ. ಬಂದವರು ಯಾರು, ಯಾಕೆ ಬಂದರು ಎಂದು ಸಭೆಗೆ ಮುಟ್ಟಿಸುವುದು.

ಪೌರಾಣಿಕ ನಾಟಕಗಳಲ್ಲಿ ಇನ್ನೊಂದನ್ನು ಗಮನಿಸಿದ್ದೇನೆ. ಜಾತ್ರೆಯ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ ಕಲಿತ ರೈತರು, ಡ್ರೈವರುಗಳು, ಅಂಗಡಿಯವರು ರಾತ್ರಿಯಿಡೀ ಕೃಷ್ಣ, ಭೀಮ, ದುರ್ಯೋಧನರಾಗುತ್ತಾರೆ. ಬಂಧುಬಳಗದವರು ಮೆಚ್ಚಿ ಬಹುಮಾನ ಕೊಡುತ್ತಾರೆ. ನೋಟಿಗೆ ಚೀಟಿ ಸುತ್ತಿ ಸೀನರಿಯ ಪಕ್ಕದಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಮೈಕಿನ ಹತ್ತಿರ ನಿಂತವನು ಅದನ್ನು ಬಿಡಿಸಿ, ಅಂಗೈ ಮೇಲೆ ಸುಕ್ಕು ಸರಿಮಾಡಿ, ಇಂಥ ಊರಿನ ಇಂಥವರ ಮಗ ಇಂಥವರು ಭೀಮನ ಪಾತ್ರಧಾರಿಗೆ ಇಷ್ಟು ಕೊಟ್ಟಿದ್ದಾರೆ ಎಂದು ಓದುತ್ತಾನೆ. ಇದನ್ನು ಹಾಳುಮಾಡುವವರು ಬಹಳ ಮಂದಿ. ಕೃಷ್ಣ ಆಲಾಪ ಎತ್ತಿದ್ದಾನೆ, ಅಷ್ಟರಲ್ಲಿ ಮೈಕು ಗರಗರ ಎಂದು ನೂರೊಂದು ರೂಪಾಯಿ ಕೂಗುತ್ತದೆ. ಪದ ಕೆಟ್ಟಿತು, ಹೆಸರೂ ಯಾರಿಗೂ ಕೇಳಿಸಲಿಲ್ಲ. ಬಲ್ಲವನು ಚೀಟಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಕಾಯುತ್ತಾನೆ. ಹಾರ್ಮೋನಿಯಂ ಶ್ರುತಿಗೆ ಇಳಿಯುತ್ತದೆ, ತಬಲದವನು ಕೈ ಒರೆಸಿಕೊಳ್ಳುತ್ತಾನೆ, ಆ ಬಿಡುವಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಒಂದಕ್ಷರ ತಪ್ಪದಂತೆ ಹೇಳಿ ಹಿಂದೆ ಸರಿಯುತ್ತಾನೆ. ಕೊಟ್ಟವನ ಎದೆ ಉಬ್ಬುತ್ತದೆ, ಪಡೆದವನದೂ ಉಬ್ಬುತ್ತದೆ. ಹಾಗೆ ಚೀಟಿ ಓದಬಲ್ಲವರು ಎಂಥ ಪ್ರಶಸ್ತಿ ವೇದಿಕೆಗೂ ಸಲ್ಲುತ್ತಾರೆ ಎಂದು ನಾನು ನಂಬಿದ್ದೇನೆ.

ಹೊರಗಿನ ಒಂದು ಉದಾಹರಣೆ ನೋಡೋಣ. ಆಸ್ಕರ್ ವೇದಿಕೆಯನ್ನು ಅತಿ ಹೆಚ್ಚು ಸಲ, ಒಟ್ಟು 19 ಬಾರಿ, ನಡೆಸಿಕೊಟ್ಟವರು ಬಾಬ್ ಹೋಪ್. ನಟನೆಗೆ ಅವರಿಗೆ ಒಂದು ಸಲವೂ ಆಸ್ಕರ್ ಬರಲಿಲ್ಲ. ಗೌರವ ಪ್ರಶಸ್ತಿಗಳು ಬಂದವು, ಅದು ಬೇರೆ ಮಾತು. ತನಗೆ ಸಿಗದುದನ್ನೇ ಹಾಸ್ಯದ ಬಂಡವಾಳ ಮಾಡಿಕೊಂಡು ಬೇರೆಯವರಿಗೆ ಸಿಕ್ಕಿದ್ದನ್ನು ಸಂಭ್ರಮಿಸಿದರು. 2011ರಲ್ಲಿ ಅದೇ ಅಕಾಡೆಮಿಯವರು ಹೊಸ ತಲೆಮಾರಿನ ಪ್ರೇಕ್ಷಕರನ್ನು ಸೆಳೆಯಬೇಕೆಂದು ಆನ್ ಹ್ಯಾಥವೇ ಮತ್ತು ಜೇಮ್ಸ್ ಫ್ರಾಂಕೊ ಎಂಬ ಇಬ್ಬರು ತಾರೆಯರನ್ನು ನಿಲ್ಲಿಸಿದರು. ಇಬ್ಬರೂ ಒಳ್ಳೆಯ ಕಲಾವಿದರು. ಫ್ರಾಂಕೊ ಅವರ ಹೆಸರು ಆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿಯ ಪಟ್ಟಿಯಲ್ಲೂ ಇತ್ತು. ಕಣದಲ್ಲಿ ನಿಂತ ಪೈಲ್ವಾನನ ಕೈಗೇ ಪಂದ್ಯದ ಮೈಕು ಕೊಟ್ಟಂತೆ ಆಯಿತು. ಅವರು ಎಲ್ಲೋ, ಮನಸ್ಸು ಎಲ್ಲೋ. ಹ್ಯಾಥವೇ ಇಬ್ಬರ ಪಾಲಿನ ಉತ್ಸಾಹವನ್ನೂ ತಾವೊಬ್ಬರೇ ಹೊತ್ತು ಬಳಲಿದರು. ಟೀಕೆಗಳ ಮಳೆ ಸುರಿಯಿತು. ಮಾರನೆಯ ವರ್ಷ ಬಿಲ್ಲಿ ಕ್ರಿಸ್ಟಲ್ ಅವರನ್ನು ಒಂಬತ್ತನೆಯ ಬಾರಿಗೆ ಕರೆತಂದರು. ಮುಂದೆ 2019ರಿಂದ ಮೂರು ವರ್ಷ ನಿರೂಪಕರೇ ಇಲ್ಲದೆ ನಡೆಸಿಯೂ ನೋಡಿದರು. 2022ರಲ್ಲಿ ಮತ್ತೆ ನಿರೂಪಕರೇ ಬೇಕಾದರು.

ನಾಯಕರಿಗೆ ನಿರೂಪಣೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2013ರಿಂದ ಕನ್ನಡದ ಬಿಗ್ ಬಾಸ್ ಅನ್ನು ಸುದೀಪ್ ಹೇಗೆ ಹಿಡಿದು ನಿಲ್ಲಿಸಿದ್ದಾರೆ ಎಂದು ಎಲ್ಲರೂ ಬಲ್ಲರು. ಆದರೆ ವಾರದ ಕೊನೆಗೆ ಅಲ್ಲಿ ನಡೆಯುವುದು ಪಂಚಾಯ್ತಿ. ತಪ್ಪು ಯಾರದು, ಒಪ್ಪು ಯಾರದು ಎಂದು ತೀರ್ಮಾನ ಕೊಡುವ ಜಾಗ ಅದು, ಅಲ್ಲಿ ನಾಯಕನ ತೂಕ ಬೇಕೇ ಬೇಕು. ಪ್ರಶಸ್ತಿ ವೇದಿಕೆಯಲ್ಲಿ ತೀರ್ಪು ಆಗಲೇ ಆಗಿಹೋಗಿರುತ್ತದೆ. ಆ ತೂಕ ಅಲ್ಲಿ ಬಂದರೆ ಪ್ರಶಸ್ತಿ ತೆಗೆದುಕೊಳ್ಳುವ ಸಂಕಲನಕಾರ, ಮೇಕಪ್ಪಿನವರು, ಬಾಲನಟಿ ಎಲ್ಲರೂ ಅದರ ಕೆಳಗೆ ಸಿಕ್ಕಿ ಕುಗ್ಗುತ್ತಾರೆ. ರಮೇಶ್ ಅರವಿಂದ್ ಅವರದು ಬೇರೆ ಹಾದಿ. ‘ವೀಕೆಂಡ್ ವಿತ್ ರಮೇಶ್’ ನೋಡಿ, ಸಾಧಕರ ಕುರ್ಚಿಯಲ್ಲಿ ಕೂತವರ ಬಾಲ್ಯದ ಗೆಳೆಯನೋ ಮೇಷ್ಟ್ರೋ ಬಾಗಿಲಿನಿಂದ ಬರುತ್ತಿದ್ದಂತೆ ಅವರು ತಮ್ಮ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಾರೆ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಗೆ ಬಂದ ಪುನೀತ್ ರಾಜ್‌ಕುಮಾರ್, ಹಳ್ಳಿಯಿಂದ ಬಂದು ನಡುಗುತ್ತ ಕೂತವರ ಜತೆ ಮನೆಯವರಂತೆ ಮಾತಾಡಿ ಅವರ ಭಯ ಬಿಡಿಸುತ್ತಿದ್ದರು. ಇಂಥ ನಾಯಕರು ಇದ್ದಾರೆ, ವಿರಳ.

ಈ ವಿದ್ಯೆಯ ಪೂರ್ಣ ರೂಪವನ್ನು ನಾನು ಕಂಡದ್ದು ಅಪರ್ಣಾ ಅವರಲ್ಲಿ. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಸರ್ಕಾರಿ ಸಮಾರಂಭಗಳ ದನಿಯೇ ಹೋಯಿತು ಎಂದು ಜನ ಮಾತಾಡಿಕೊಂಡರು. ಅದು ನಿಜ. ಆದರೆ ಅವರು ಮೊದಲು ನಟಿ ಎಂಬುದನ್ನು ಮರೆಯಬಾರದು. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬಂದವರು ಅವರು. ಪುಟ್ಟಣ್ಣನವರ ಕ್ಯಾಮೆರಾದ ಮುಂದೆ ಮಾತಿಲ್ಲದ ಗಳಿಗೆಯಲ್ಲೂ ಮುಖ ಖಾಲಿ ಇರುವಂತಿಲ್ಲ. ಆ ಪಾಠ ಅವರ ನಿರೂಪಣೆಯಲ್ಲಿ ಕೊನೆಯವರೆಗೂ ಉಳಿದಿತ್ತು. ಬೇರೆಯವರು ಭಾಷಣ ಮಾಡುವಾಗ ಅವರು ಮುಂದಿನ ಹಾಳೆ ತಿರುವುತ್ತ ನಿಲ್ಲುತ್ತಿರಲಿಲ್ಲ. ಮಾತಾಡುವವರತ್ತ ತುಸು ತಿರುಗಿ ಕೇಳಿಸಿಕೊಳ್ಳುತ್ತಿದ್ದರು. ಭಾಷಣ ಮುಗಿದ ಮೇಲೆ ಅದರೊಳಗಿನ ಒಂದು ಮಾತನ್ನೇ ಎತ್ತಿಕೊಂಡು ಮುಂದಿನ ಹೆಸರಿಗೆ ಕೊಂಡಿ ಹಾಕುತ್ತಿದ್ದರು. ಬರೆದು ತಂದದ್ದನ್ನು ಓದುವವರಿಗೆ ಇದು ಸಾಧ್ಯವಿಲ್ಲ.

ಉಚ್ಚಾರದ ಬಗ್ಗೆ ಹೇಳುವುದೇ ಬೇಡ. ಶ ಷ ಸ ಮೂರೂ ಅವರ ಬಾಯಲ್ಲಿ ಮೂರಾಗಿಯೇ ಇದ್ದವು, ಮಹಾಪ್ರಾಣಕ್ಕೆ ಉಸಿರಿತ್ತು. ಆಕಾಶವಾಣಿಯಲ್ಲಿ ದುಡಿದ ದನಿ ಅದು. ನಮ್ಮ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳಿದ್ದೂ ಅದೇ ದನಿ. ಇಷ್ಟು ಘನವಾದ ಹೆಂಗಸು ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬಂದು, ತನ್ನನ್ನೇ ತಾನು ಹೊಗಳಿಕೊಳ್ಳುವ ಬಡಾಯಿಗಾರ್ತಿಯಾಗಿ ನಗಿಸಿದರಲ್ಲ, ಅದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ಗಾಂಭೀರ್ಯ ಅವರಿಗೆ ಹೊದ್ದ ಶಾಲಾಗಿರಲಿಲ್ಲ ಎಂದು ಅಲ್ಲಿ ಗೊತ್ತಾಯಿತು. ಬೇಕಾದಾಗ ಹಿಡಿಯಬಲ್ಲ, ಬೇಕಾದಾಗ ಬಿಡಬಲ್ಲ ಕಲೆ ಅದು. ನಟಿಯಲ್ಲದವರಿಂದ ಆಗುವ ಕೆಲಸವಲ್ಲ.

ನಮ್ಮ ರಾಜ್ಯ ಪ್ರಶಸ್ತಿಗೆ ಇಂಥವರ ಅಗತ್ಯ ಬೇರೆಲ್ಲ ಕಡೆಗಿಂತ ಹೆಚ್ಚು. ಕಾರಣವಿದೆ. 2019ನೇ ಸಾಲಿನ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಆರು ವರ್ಷದ ಹಿಂದಿನ ಚಿತ್ರವನ್ನು ಸಭೆಯಲ್ಲಿ ಕೂತವರು ಮರೆತಿರುತ್ತಾರೆ. ನಡುವೆ ಕೊರೋನಾ ಬಂದು ಹೋಯಿತು, ಎಷ್ಟೋ ಚಿತ್ರಮಂದಿರಗಳು ಬಾಗಿಲು ಹಾಕಿದವು. ಹೀಗಿರುವಾಗ ಚಿತ್ರದ ಹೆಸರು, ವಿಭಾಗದ ಹೆಸರು, ಪಡೆದವರ ಹೆಸರು ಎಂದು ಪಟ್ಟಿ ಓದಿದರೆ ಚಪ್ಪಾಳೆ ಎಲ್ಲಿಂದ ಬರಬೇಕು? ಆ ಚಿತ್ರದಲ್ಲಿ ಈ ಛಾಯಾಗ್ರಾಹಕ ಯಾವ ದೃಶ್ಯವನ್ನು ಹೇಗೆ ತೆಗೆದಿದ್ದ ಎಂದು ಎರಡು ವಾಕ್ಯದಲ್ಲಿ ನೆನಪಿಸಬೇಕು. ಅಂದರೆ ನಿರೂಪಕರು ಅಷ್ಟೂ ಚಿತ್ರ ನೋಡಿರಬೇಕು. ಹೆಸರು ಮಾಡಿದ ತಾರೆಯರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಓದಿಕೊಂಡಿರಲೂ ಬೇಕು. ‘ಬಂಗಾರದ ಮನುಷ್ಯ’, ‘ಭೂತಯ್ಯನ ಮಗ ಅಯ್ಯು’ ಕೊಟ್ಟ ನಿರ್ದೇಶಕ ಸಿದ್ದಲಿಂಗಯ್ಯನವರು ನಮ್ಮ ಶಿರಾ ತಾಲ್ಲೂಕಿನ ತರೂರಿನವರು, 2015ರಲ್ಲಿ ತೀರಿಕೊಂಡರು. ಕವಿ ಸಿದ್ಧಲಿಂಗಯ್ಯನವರು ಮಾಗಡಿ ಕಡೆಯವರು, 2021ರಲ್ಲಿ ಹೋದರು. ಅವರೂ ಸಿನಿಮಾಕ್ಕೆ ಹಾಡು ಬರೆದವರೇ. ಒಬ್ಬರ ಹೆಸರು ಹೇಳಿ ಪರದೆಯ ಮೇಲೆ ಇನ್ನೊಬ್ಬರ ಫೋಟೊ ಬಂದರೆ ಅದನ್ನು ಆ ಕ್ಷಣದಲ್ಲೇ ಗುರುತಿಸಿ, ಯಾರಿಗೂ ನೋವಾಗದಂತೆ ತಿದ್ದುವ ಜ್ಞಾನ ಮೈಕು ಹಿಡಿದವರಿಗೆ ಇರಬೇಡವೇ? ಬರಗೂರು ರಾಮಚಂದ್ರಪ್ಪನವರ ಬರಗೂರು ಕೂಡ ಶಿರಾ ತಾಲ್ಲೂಕಿನಲ್ಲೇ ಇದೆ. ‘ಪರಸಂಗದ ಗೆಂಡೆತಿಮ್ಮ’, ‘ಆಲೆಮನೆ’ ಚಿತ್ರಗಳ ಹಾಡುಗಳ ದೊಡ್ಡರಂಗೇಗೌಡರು ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು. ಇಬ್ಬರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು, 2016ರಲ್ಲಿ ರಾಯಚೂರಿನಲ್ಲಿ ಬರಗೂರರು, 2023ರಲ್ಲಿ ಹಾವೇರಿಯಲ್ಲಿ ಗೌಡರು. ಇಂಥವರನ್ನು ವೇದಿಕೆಗೆ ಕರೆಯುವಾಗ ‘ಹಿರಿಯರು, ಗಣ್ಯರು’ ಎಂಬ ಎರಡು ಪದದಲ್ಲಿ ಮುಗಿಸುವುದನ್ನು ಕೇಳಿದರೆ ಊರಿನವನಾದ ನನಗೆ ಕರುಳು ಚುರ್ರೆನ್ನುತ್ತದೆ. ಬರಗೂರರ ‘ಶಾಂತಿ’ಯಲ್ಲಿ ಭಾವನಾ ಒಬ್ಬರೇ ಪಾತ್ರಧಾರಿ, ಇಡೀ ಚಿತ್ರದಲ್ಲಿ ಇನ್ನೊಂದು ಮುಖವಿಲ್ಲ. ಕರೆಯುವ ಮುನ್ನ ಇದೊಂದನ್ನು ಹೇಳಿದರೂ ಸಭೆ ಕತ್ತೆತ್ತಿ ನೋಡುತ್ತದೆ.

ಭಾಷೆಯ ಮಾತೂ ಇದೆ. ಪಾವಗಡವನ್ನು ಮೂರು ಕಡೆ ಆಂಧ್ರ ಸುತ್ತಿಕೊಂಡಿದೆ. ಅಲ್ಲಿನ ಜನ ಕನ್ನಡ, ತೆಲುಗು ಎರಡನ್ನೂ ಸರಾಗ ಆಡುತ್ತಾರೆ, ಎರಡೂ ಸಿನಿಮಾ ನೋಡುತ್ತಾರೆ. ನಾಲ್ಕು ಭಾಷೆಯ ಚಿತ್ರರಂಗಗಳನ್ನು ಒಟ್ಟಿಗೆ ಸೇರಿಸುವ ಸೈಮಾದಂಥ ಸಮಾರಂಭಗಳಲ್ಲಿ ನಿರೂಪಕರು ಪಾವಗಡದವರ ಹಾಗಿರಬೇಕು. ತೆಲುಗಿನ ಅತಿಥಿಗೆ ಅವರ ನುಡಿಯಲ್ಲೇ ಒಂದು ಮಾತು ಹೇಳಿ ನಗಿಸಿ, ಮರುಗಳಿಗೆ ಅಚ್ಚ ಕನ್ನಡಕ್ಕೆ ಮರಳಬೇಕು. ಎರಡನ್ನೂ ಬಿಟ್ಟು ಇಂಗ್ಲಿಷಿನಲ್ಲಿ ತೇಲಿಸುವವರಿಗೆ ಮೈಕು ಕೊಟ್ಟರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ.

ಹಾಗಾದರೆ ಯಾರು ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ರಾಜ್ಯ ಪ್ರಶಸ್ತಿಗೆ ಇಬ್ಬರು ಸಾಕು. ಒಬ್ಬರು ನಮ್ಮ ಜಿಲ್ಲೆಯ ತಿಪಟೂರಿನ ಅಚ್ಯುತ್ ಕುಮಾರ್. ರಂಗಭೂಮಿಯಿಂದ ಬಂದವರು, ನಾಯಕನ ಅಪ್ಪನಾಗಿ, ಅಣ್ಣನಾಗಿ, ಊರಿನ ಗೌಡನಾಗಿ ಎದುರಿನವರ ಮಾತಿಗೆ ಮುಖ ಕೊಟ್ಟೇ ಬೆಳೆದವರು. ಅವರು ಸುಮ್ಮನೆ ಕೇಳಿಸಿಕೊಳ್ಳುವ ದೃಶ್ಯಗಳಲ್ಲೇ ಅವರ ನಟನೆ ಹೆಚ್ಚು ಹೊಳೆಯುತ್ತದೆ. ಇನ್ನೊಬ್ಬರು ಅನುಪಮಾ ಗೌಡ. ಟೀವಿ ವೇದಿಕೆಗಳಲ್ಲಿ ನಿರೂಪಣೆ ಮಾಡಿ ಪಳಗಿದವರು. ಮೇಲೆ ಹೇಳಿದ 2019ನೇ ಸಾಲಿನ ಅತ್ಯುತ್ತಮ ನಟಿ ಪ್ರಶಸ್ತಿ ‘ತ್ರಯಂಬಕಂ’ ಚಿತ್ರಕ್ಕಾಗಿ ಬಂದದ್ದು ಅವರಿಗೇ. ಹೆಸರು ಕೂಗಿಸಿಕೊಂಡು ಮೆಟ್ಟಿಲು ಹತ್ತುವವರ ಎದೆಬಡಿತ ಹೇಗಿರುತ್ತದೆಂದು ಬಲ್ಲವರು. ಅವರ ಹೆಸರು ಪಟ್ಟಿಯಲ್ಲಿ ಇಲ್ಲದ ವರ್ಷ ಕರೆಯಿರಿ. ಇಬ್ಬರ ಕೈಗೂ ಪ್ರಶಸ್ತಿ ಪಡೆದ ಚಿತ್ರಗಳನ್ನು ತಿಂಗಳ ಮೊದಲೇ ಕೊಡಿ. ಊರು, ಹೆಸರು, ಇನಿಷಿಯಲ್ ಎಲ್ಲವನ್ನೂ ಪಡೆಯುವವರಿಗೇ ಫೋನ್ ಮಾಡಿ ಕೇಳಿ ಬರೆದುಕೊಳ್ಳಲು ಹೇಳಿ. ಆಮೇಲೆ ಟೆಲಿಪ್ರಾಂಪ್ಟರ್ ಇದ್ದರೂ ಸರಿ, ಕೆಟ್ಟರೂ ಸರಿ.